ಉಗ್ರಪ್ಪ ಅಳುವ ವಾರ

ಮೂಡಲಪಾಳ್ಯದ ಉಗ್ರಪ್ಪನಿಗೆ ವರ್ಷದಲ್ಲಿ ಒಂದು ವಾರ ಮನೆ, ಪೆನ್ಶನ್, ಪಿತ್ತ ಯಾವುದೂ ನೆನಪಿರುವುದಿಲ್ಲ. ರಾಜಾಜಿನಗರದ ಮಾಲಿನಲ್ಲಿ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುವ ವಾರ ಅದು. ಇಸ್ತ್ರಿ ಅಂಗಿ ತೊಟ್ಟು, ಪಾಸನ್ನು ಕೊರಳಿಗೆ ನೇತುಹಾಕಿಕೊಂಡು ಹೊರಟನೆಂದರೆ ಕತ್ತಲಾದ ಮೇಲೇ ವಾಪಸು. ಬರುವಾಗ ಕಣ್ಣು ಕೆಂಪಗೆ ಊದಿಕೊಂಡಿರುತ್ತದೆ.

ಅವನು ವಾಲ್ವ್ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದವನು, ಯೂನಿಯನ್ ಕಾರ್ಯದರ್ಶಿ. ಗೇಟಿನ ಮುಂದೆ ಪೊಲೀಸರು ದನಕ್ಕೆ ಬಡಿದಂತೆ ಬಡಿದಾಗಲೂ ಘೋಷಣೆ ನಿಲ್ಲಿಸಲಿಲ್ಲ. ಕಾರ್ಖಾನೆಗೆ ಬೀಗ ಬಿದ್ದ ದಿನ ಎಲ್ಲರೂ ಅತ್ತರು, ಇವನು ಅವರಿಗೆಲ್ಲ ಟೀ ಕುಡಿಸಿದ. ಇಂಥ ಆಸಾಮಿ ಯಾವುದೋ ದೇಶದ ಸಿನಿಮಾ ನೋಡುತ್ತ ಕತ್ತಲಲ್ಲಿ ಗೊಳೋ ಎಂದು ಅಳುತ್ತಾನೆ ಅಂದರೆ ಯಾರು ನಂಬಬೇಕು? ಅವನೂ ಯಾರಿಗೂ ಹೇಳಿರಲಿಲ್ಲ. ಅಳುವುದಕ್ಕೆ ದೊಡ್ಡ ಕಾರಣವೂ ಬೇಕಿರಲಿಲ್ಲ, ತೆರೆಯ ಮೇಲೆ ಮುದುಕನೊಬ್ಬ ಕಿಟಕಿ ಮುಚ್ಚಿದರೂ ಸಾಕು. ಅತ್ತು ಮುಗಿಸಿದರೆ ಎದೆ ಹಗುರಾಗಿ ಚೆನ್ನಾಗಿ ಹಸಿವಾಗುತ್ತಿತ್ತು. ಆ ವಾರ ಒಂದಿದ್ದರೆ ಮಿಕ್ಕ ವರ್ಷವನ್ನು ಹೇಗೋ ತಳ್ಳಬಹುದು ಎಂದು ಅವನ ನಂಬಿಕೆ.

ಹೆಂಡತಿ ನರಸಮ್ಮನ ನಂಬಿಕೆ ಬೇರೆ ಇತ್ತು.

"ಇಸ್ತ್ರಿ ಅಂಗಿ. ತಲೆಗೆ ಎಣ್ಣೆ. ರಾತ್ರಿ ಬಂದ್ರೆ ಕಣ್ಣು ಕೆಂಪು. ಯಾವಳ್ರೀ ಅವಳು?"

"ಸಿನಿಮಾ ಕಣೇ."

"ದಿನಪೂರ್ತಿ ಸಿನಿಮಾನಾ? ನನ್ನ ಕಿವಿ ಮೇಲೆ ಹೂ ಇಡಬೇಡಿ. ಈ ಸಲ ನಾನೂ ಬರ್ತೀನಿ. ಸುಳ್ಳು ಅಂತ ಗೊತ್ತಾಗ್ಲಿ, ಮುಂದಿನ ವರ್ಷ ಅದೆಂಗೆ ಹೊಸಿಲು ದಾಟ್ತೀರೋ ನೋಡ್ತೀನಿ."

ದಾಟಲು ಬಿಡುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ತೆಪ್ಪಗೆ ಅವಳಿಗೂ ಒಂದು ಪಾಸು ಮಾಡಿಸಿದ.

ಚಿತ್ರಮಂದಿರದ ಬಾಗಿಲು ತೆರೆದದ್ದೇ ಉಗ್ರಪ್ಪ ಬಸ್ಸಿನ ಕಿಟಕಿಯೊಳಗೆ ಎಸೆಯುವ ಹಾಗೆ ಟವಲು ಎಸೆದು ಎರಡು ಸೀಟು ಹಿಡಿದ. ಸಿನಿಮಾ ಎಲ್ಲೋ ಹಿಮ ಬೀಳುವ ದೇಶದ್ದು. ಒಬ್ಬ ಮುದುಕ ಮೇಕೆಗೆ ಹುಲ್ಲು ಹಾಕಿದ. ಮೇಕೆ ತಿಂದಿತು. ಅಷ್ಟೂ ಹುಲ್ಲು ಮುಗಿಯುವವರೆಗೆ ತಿಂದಿತು.

"ಕತೆ ಯಾವಾಗ ಶುರು?" ನರಸಮ್ಮ ಕೇಳಿದಳು.

"ಇದೇ ಕತೆ."

"ಇಂಟರ್‌ವಲ್ಲು?"

"ಇಲ್ಲ ಇಲ್ಲಿ."

"ಪಾಪಿಗಳು."

ಮಾತು ಬಂದರೆ ತೆರೆಯ ಕೆಳಗೆ ಇಂಗ್ಲಿಷ್ ಅಕ್ಷರ ಮೂಡುತ್ತಿತ್ತು. ನರಸಮ್ಮನಿಗೆ ಇಂಗ್ಲಿಷು ಬಾರದು. ಉಗ್ರಪ್ಪನದೂ ಬೋನಸ್, ಲಾಕೌಟ್, ಸಸ್ಪೆನ್ಷನ್ ಮಟ್ಟದ ಇಂಗ್ಲಿಷು. ಮೊದಲ ಪದ ಕೂಡಿಸಿ ಓದುವಷ್ಟರಲ್ಲಿ ಸಾಲೇ ಮಾಯ. ಇಷ್ಟು ವರ್ಷ ಅವನು ಅಕ್ಷರದ ಗೊಡವೆಗೆ ಹೋಗದೆ ಮುಖ ನೋಡಿಯೇ ಅತ್ತವನು.

ಅಷ್ಟರಲ್ಲಿ ಮುದುಕನ ಬಾಗಿಲಿಗೆ ಸೂಟ್‌ಕೇಸ್ ಹಿಡಿದ ಹೆಂಗಸೊಬ್ಬಳು ಬಂದಳು. ನೋಡಲು ಲಕ್ಷಣವಾಗಿದ್ದಳು.

"ಯಾರಿವಳು?" ನರಸಮ್ಮನ ದನಿ ಚೂಪಾಯಿತು.

ಪರಸ್ತ್ರೀ ಎಂದು ಹೇಳಿಬಿಟ್ಟರೆ, ಇಂಥ ಕತೆ ನೋಡಲೆಂದೇ ನೀವು ಇಲ್ಲಿಗೆ ಬರುವುದು ಅಂತಾಳೆ. ಉಗ್ರಪ್ಪ ಹಿಂದೆಮುಂದೆ ನೋಡದೆ, "ತಂಗಿ. ಊರಿಂದ ಬಂದವ್ಳೆ," ಅಂದ.

"ಪಾಪ, ಅಣ್ಣನ್ನ ನೋಡ್ಕೊಳ್ಳೋಕೆ," ಎಂದು ನರಸಮ್ಮ ಕರಗಿದಳು. ತಂಗಿ ಅಡುಗೆ ಮಾಡಿದಳು, ಒಲೆಗೆ ಸೌದೆ ಒಟ್ಟಿದಳು. ನರಸಮ್ಮ ಎರಡು ಸಲ ಒಳ್ಳೆಯ ಹುಡುಗಿ ಎಂದು ಹೊಗಳಿದಳು. ಆಮೇಲೆ ಮುದುಕ ಹೋಗಿ ತಂಗಿಯ ತುಟಿಗೆ ತುಟಿ ಒತ್ತಿದ.

"ಅಯ್ಯಯ್ಯೋ! ನಿಮ್ ಬಾಯಿಗೆ ಮಣ್ಣ್ ಬೀಳ! ತಂಗಿ ಅಂದ್ರಲ್ರೀ!"

ಇಡೀ ಚಿತ್ರಮಂದಿರ ಗೊಳ್ಳೆಂದಿತು. ಹಿಂದಿನ ಸಾಲಿನಿಂದ ಜೋಳಿಗೆ ಹಾಕಿದ್ದ ಗಡ್ಡದವನೊಬ್ಬ ಬಗ್ಗಿ, "ತಂಗಿ ಅಲ್ಲಮ್ಮ, ಅವನ ಮನೇಲಿ ರೂಮು ಬಾಡಿಗೆಗೆ ಹಿಡಿದಿರೋಳು. ಸ್ವಲ್ಪ ಮೆಲ್ಲಗೆ," ಅಂದ.

"ಕೇಳುಸ್ತಾ?" ನರಸಮ್ಮ ಗಂಡನ ತೊಡೆ ಚಿವುಟಿದಳು. "ಇಷ್ಟು ಸಲೀಸಾಗಿ ಸುಳ್ಳು ಹೇಳ್ತೀರ ಅಂದ್ಮೇಲೆ ಮನೇಲಿ ಎಷ್ಟು ಹೇಳಿರಬೇಡ! ಆಯ್ತು, ಇದೇ ಕೊನೆ. ಮುಂದಿನ ವರ್ಷ ಈ ಕಡೆ ಕಾಲಿಟ್ರೆ ಕಾಲು ಮುರಿದೇನು."

ತನ್ನ ವಾರ ಕೈಬಿಟ್ಟು ಹೋಯಿತೆಂದು ಉಗ್ರಪ್ಪ ಮುದುಡಿ ಕೂತ. ತೆರೆಯ ಮೇಲೆ ಆ ಹೆಂಗಸು ಸೂಟ್‌ಕೇಸ್ ಎತ್ತಿಕೊಂಡು ಹೊರಟುಹೋದಳು. ಮುದುಕ ಮಂಚದ ಮೇಲೆ ಕೂತು ಒದ್ದೆ ಬೂಟು ಬಿಚ್ಚತೊಡಗಿದ. ಒಂದು ಬಂತು, ಇನ್ನೊಂದು ಬರಲಿಲ್ಲ. ಎಳೆದ, ಜಗ್ಗಿದ. ಕೊನೆಗೆ ಒಂದು ಕಾಲಿನಲ್ಲಿ ಬೂಟು ಉಳಿಸಿಕೊಂಡೇ ಗೋಡೆ ನೋಡುತ್ತ ಕೂತ. ಬೇಡ ಬೇಡ ಅಂದುಕೊಂಡರೂ ಉಗ್ರಪ್ಪನ ಗಂಟಲಿನಿಂದ ಪಂಪ್‌ಸೆಟ್ಟು ಗಾಳಿ ಎಳೆದಂಥ ಸದ್ದು ಬಂತು. ಟವಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತ.

ನರಸಮ್ಮ ಗಾಬರಿಯಾದಳು. "ಎದೆ ನೋವಾ? ಏನ್ರೀ ಆಯ್ತು?"

"ಬೂಟು," ಅಂದ ಉಗ್ರಪ್ಪ.

"ಏನು ಬೂಟು?"

"ಬಿಚ್ಚಕ್ಕೆ ಆಗ್ತಿಲ್ಲ ಕಣೇ ಅವನಿಗೆ..."

ಅವಳು ಟವಲು ಸರಿಸಿ ಅವನ ಮುಖ ನೋಡಿದಳು. ವರ್ಷ ವರ್ಷವೂ ರಾತ್ರಿ ಮನೆಗೆ ಬರುತ್ತಿದ್ದ ಅದೇ ಕೆಂಪು ಕಣ್ಣು.

ಹೊರಗೆ ಬಂದ ಮೇಲೆ ಅವಳು ಅವನನ್ನು ಎಸ್ಕಲೇಟರ್ ಹತ್ತಿರ ತಡೆದು ನಿಲ್ಲಿಸಿದಳು. "ನಮ್ಮಪ್ಪ ಸತ್ತಾಗ ಒಂದು ಹನಿ ಹಾಕ್ಲಿಲ್ಲ. ಕಲ್ಲುಕಂಬದಂಗೆ ನಿಂತಿದ್ರಿ. ಇಲ್ಲಿ ಕಂಡೋರ ಬೂಟಿಗೆ ಅಳ್ತೀರಾ?"

"ಅಲ್ಲಿ ಜನ ನೋಡ್ತಿದ್ರು," ಅಂದ ಉಗ್ರಪ್ಪ.

ನರಸಮ್ಮ ಅವನ ಒದ್ದೆ ಟವಲು ಕಿತ್ತುಕೊಂಡು ಮಡಚುತ್ತ, "ಹೋಗಿ, ವರ್ಷ ವರ್ಷ ಹೋಗಿ. ಮೂಗು ಸೀಟ್ತಾ ಕೂರೋ ಗಂಡಸಿನ ಪಕ್ಕ ಯಾವಳು ತಾನೆ ಕೂತಾಳು," ಅಂದಳು.

"ಯಾರಿಗೂ ಹೇಳ್ಬೇಡ ಕಣೇ."

"ನಂಗೇನು ಹುಚ್ಚಾ?"

ಸಂಜೆ ಪಕ್ಕದ ಮನೆಯ ಹಾಲವ್ವ ಕಾಂಪೌಂಡಿನಾಚೆಯಿಂದಲೇ ಕೇಳಿದಳು: "ಅಣ್ಣಾರ, ಆ ಮುದುಕನ ಬೂಟು ಕಡೀಕ ಬಿಚ್ಚಿತೇನ್ರಿ?"

ಮರುದಿನ ಬಸ್‌ಸ್ಟಾಪಿನಲ್ಲಿ ಹಳೇ ಯೂನಿಯನ್ನಿನ ಮುರುಗೇಶ್ ಕಾದು ನಿಂತಿದ್ದ. "ಏನ್ ಲೀಡರ್, ಲಾಠಿಗೆ ಬಗ್ಗದೋರು ಸಿನಿಮಾಗೆ ಅಳ್ತೀರಂತೆ?"

ಉಗ್ರಪ್ಪ ಬೈಯಲು ಬಾಯಿ ತೆರೆದವನು ಯಾಕೋ ಬೈಯಲಿಲ್ಲ. "ಹೂ ಕಣಯ್ಯ, ಅಳ್ತೀನಿ. ಬೆಳಿಗ್ಗೆ ಒಂದಕ್ಕೆ, ಮಧ್ಯಾಹ್ನ ಇನ್ನೊಂದಕ್ಕೆ. ಏನೀಗ?"

ಮುರುಗೇಶ್ ಆಚೀಚೆ ನೋಡಿ, ಹತ್ತಿರ ಸರಿದು ಮೆಲ್ಲಗೆ ಕೇಳಿದ: "ಕತ್ತಲು ಪೂರ್ತಿ ಇರ್ತದಾ, ಇಲ್ಲ ಪಕ್ಕದೋರಿಗೆ ಕಾಣ್ತದಾ?"