ಬೀಮಿನಷ್ಟು ಅಗಲದ ದಾರಿ

ನಾನು ರಬಕವಿಯಲ್ಲಿದ್ದಾಗ ನಮ್ಮ ಓಣಿಯ ನೇಕಾರನೊಬ್ಬನಿಗೆ ಸೈಕಲ್ಲೇ ಗಾಡಿ. ಮಗ್ಗಕ್ಕೆ ಏರಿಸುವ, ನೂಲು ಸುತ್ತಿದ ಉದ್ದನೆಯ ಬೀಮನ್ನು ಕ್ಯಾರಿಯರ್ ಮೇಲೆ ಅಡ್ಡಲಾಗಿ ಕಟ್ಟಿಕೊಂಡು ಬನಹಟ್ಟಿಯಿಂದ ಬರುತ್ತಿದ್ದ. ಬೆಲ್ ಬಾರಿಸಲು ಕೈ ಬಿಡುವಂತಿರಲಿಲ್ಲ. "ಬಾಜೂಕ ಸರೀರಿ, ಅಣ್ಣಾರ" ಎಂದು ಕೂಗುತ್ತಿದ್ದ. ಲಾರಿಗಳು ಮಾತ್ರ ಸರಿಯುತ್ತಿರಲಿಲ್ಲ. ಒಮ್ಮೆ ಒಂದು ಲಾರಿ ಬೀಮಿಗೆ ತಾಗಿ ಅವನನ್ನು ಚರಂಡಿಗೆ ಕೆಡವಿತ್ತು.

ಸೈಕಲ್ಲಿಗೆ ಬೇರೆ ದಾರಿ ಮಾಡಿದರೆ ಸವಾರರಾದ ನೀವು ಲೈಸೆನ್ಸ್ ಪಡೆದು ಅದಕ್ಕೆ ಹಣ ಕೊಡುತ್ತೀರಾ ಎಂದು ಓಣಿಯ ಸಭೆಯಲ್ಲಿ ಊರಿನ ರಸ್ತೆ ಕೆಲಸದ ಎಂಜಿನಿಯರ್ ಕೇಳಿದರು. ನಾನೂ ಸೇರಿ ಎಲ್ಲರೂ ಬೇಡವೆಂದೆವು. ಆ ನೇಕಾರ ಮಾತ್ರ ಎದ್ದು ನಿಂತ.

"ನಾ ಕೊಡ್ತೇನ್ರಿ. ರೊಕ್ಕಾ ಕೊಟ್ಟಾಂವಗ ಕೇಳಾಕ ಬಾಯಿ ಇರತೈತಿ. ಆದ್ರ ದಾರಿ ನನ್ನ ಬೀಮಿನಷ್ಟ ಅಗಲ ಇರಬೇಕ."

"ಹಂಗಾದ್ರ ನಿನಗ ಲಾರಿ ಲೈಸೆನ್ಸ ಬೇಕಲೇ!" ಎಂದು ಯಾರೋ ನಕ್ಕರು.

"ಅದನ್ನ ಕೊಡ್ರಿ. ಲಾರಿಯವ್ರರ ಹೆದರ್ತಾರ."

ಎಂಜಿನಿಯರ್ ನಗುತ್ತಲೇ ಹೊರಬಂದರು. ಬೀಮು ಹೇರಿದ ಸೈಕಲ್ಲನ್ನು ರಸ್ತೆಯ ಅಂಚಿನಲ್ಲಿ ನಿಲ್ಲಿಸಿ, ಬೀಮಿನ ತುದಿಯ ನೇರಕ್ಕೆ ಸುಣ್ಣದ ಗೆರೆ ಎಳೆಸಿದರು.

ಹಣದ ಮಾತು ಇನ್ನೂ ಇತ್ಯರ್ಥವಾಗಿಲ್ಲ. ದಾರಿಯಂತೂ ಆಯಿತು. ಮೊನ್ನೆ ನಾನು ರಬಕವಿಗೆ ಹೋದ ಹೊತ್ತಿಗೆ ಆತ ಬನಹಟ್ಟಿಯಿಂದ ಇನ್ನೂ ಬಂದಿರಲಿಲ್ಲ. ಅಷ್ಟಗಲದ ದಾರಿಯಲ್ಲಿ ಶಾಲೆಯ ಹುಡುಗಿಯರು ಮೂವರು ಜೊತೆಜೊತೆಗೆ, ಹರಟುತ್ತ ಸೈಕಲ್ ತುಳಿಯುತ್ತಿದ್ದರು.