ಕೇಳಿ ತಂದ ಬಳ್ಳಿ

ಎಲ್ಲರೂ ಮರೆತ ಒಂದು ಹಳೆಯ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಗೆ ಮತ್ತೆ ಜೀವ ಕೊಡಲು ನಾವು ನಾಲ್ಕೈದು ಜನ ಹೊರಟಿದ್ದೆವು. ಅದನ್ನು ಓಪನ್ ಸೋರ್ಸ್ ಮಾಡಿ ಎಲ್ಲರಿಗೂ ಮುಕ್ತವಾಗಿ ಬಿಡಬೇಕಾದರೆ ಬರೆದವರ ಒಪ್ಪಿಗೆಯ ಸಹಿ ಬೇಕು. ಬರೆದ ಮೇಡಂ ನಿವೃತ್ತರಾಗಿ ಕೊಡಗಿನ ಶ್ರೀಮಂಗಲದಲ್ಲಿ ಕರಿಮೆಣಸು ಬೆಳೆಸುತ್ತಿದ್ದರು. ನಾನು ಹೋಗಿ ಸಹಿ ಕೇಳಿದ ಕೂಡಲೇ ಅವರ ಮುಖ ಸಪ್ಪಗಾಯಿತು.

“ಛೆ, ಕೇಳಿಬಿಟ್ಟಿರಲ್ಲ! ಮೆಣಸಿನ ಬಳ್ಳಿ ಕೇಳಿ ತಂದರೆ ಬೇರು ಹಿಡಿಯೋದಿಲ್ಲ. ಪಕ್ಕದ ಎಸ್ಟೇಟಿಂದ ಕದ್ದು ತಂದದ್ದೇ ಚಿಗುರೋದು. ನಾನು ಕಾಫಿ ಕಣಕ್ಕೆ ಹೋಗಿ ಬರ್ತೇನೆ. ನಿಮ್ಮ ಭಾಷೆ ಇರೋ ಹಾರ್ಡ್ ಡಿಸ್ಕ್ ಮೇಜಿನ ಮೇಲಿದೆ.”

“ಮೇಡಂ, ಸಹಿ ಇಲ್ಲದೆ ಒಯ್ದರೆ ಕಳ್ಳತನ ಆಗ್ತದೆ.”

“ಅದನ್ನೇ ಅಲ್ವಾ ನಾನು ಹೇಳ್ತಿರೋದು?”

ಅವರು ಹೋಗಿಯೇಬಿಟ್ಟರು. ತಮಾಷೆಯೋ ನಿಜವೋ ತಿಳಿಯದೆ ನಾನು ಡಿಸ್ಕನ್ನೇ ನೋಡುತ್ತಾ ಕೂತೆ. ಮುಟ್ಟಲು ಧೈರ್ಯ ಬರಲಿಲ್ಲ. ವಾಪಸ್ ಬಂದವರು “ಇನ್ನೂ ಇಲ್ಲೇ ಇದ್ದೀರಾ?” ಎಂದು ಬೇಸರದಿಂದಲೇ ಸಹಿ ಹಾಕಿ ಡಿಸ್ಕ್ ಕೊಟ್ಟರು.

ಈಗ ಅದನ್ನು ಯಾರು ಬೇಕಾದರೂ ಕೇಳದೆಯೇ ಒಯ್ಯಬಹುದು. ಒಯ್ದವರೆಲ್ಲ ಚೆನ್ನಾಗಿ ಓಡುತ್ತಿದೆ ಅನ್ನುತ್ತಾರೆ. ಕೇಳಿ ತಂದವನು ನಾನೊಬ್ಬನೇ. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಅದು ಇನ್ನೂ ಏಳುತ್ತಿಲ್ಲ.