ಇರಾನಿನವರ ಮೊದಲ ‘ಬೇಡ’

ನೀರ್ದೋಸೆಯ ತಟ್ಟೆಯನ್ನು ಒಳಗೆ ಒಯ್ದದ್ದು ಯಾರು ಎಂದು ನನಗೆ ಖಾತ್ರಿಯಿಲ್ಲ. ಸೋದರಮಾವನೇ ಎಂದು ಎಷ್ಟೋ ಸಲ ಹೇಳಿ ಜನರನ್ನು ನಗಿಸಿದ್ದೇನೆ. ಹೇಳಿ ಹೇಳಿ ಅದೇ ನೆನಪಾಗಿ ಕುಳಿತಿದೆಯೋ ಏನೋ.

ಮಾವನದು ಕುಂದಾಪುರದ ಹೊರಗೊಂದು ಸಣ್ಣ ಗೇರುಬೀಜದ ಕಾರ್ಖಾನೆ. ಅದುವರೆಗೆ ಮುಂಬಯಿಯ ದಲ್ಲಾಳಿಗಳೇ ಗಿರಾಕಿಗಳು. ವರ್ಷದಲ್ಲಿ ಕೆಲವು ತಿಂಗಳು ಕೆಲಸವಿಲ್ಲದೆ ಬಾಗಿಲು ಹಾಕಬೇಕಾಗುತ್ತಿತ್ತು. ದುಬೈಯಲ್ಲಿ ಒಣಹಣ್ಣಿನ ವ್ಯಾಪಾರ ಮಾಡುವ ಇರಾನಿನವರೊಬ್ಬರು ಬೀಜ ನೋಡಲು ತಾವೇ ಬರುವುದಾಗಿ ತಿಳಿಸಿದರು. ಅವರೊಬ್ಬರು ಒಪ್ಪಿದರೆ ಇನ್ನು ಬಾಗಿಲು ಹಾಕುವ ಪ್ರಮೇಯವಿಲ್ಲ ಎಂದು ಮಾವ ನಂಬಿದ್ದರು.

ಇಂಗ್ಲಿಷಿನಲ್ಲಿ ಮಾತಾಡಲು ನನ್ನನ್ನು ಕರೆಸಿದರು. ಸಮಾಜಶಾಸ್ತ್ರದ ಎಂ.ಎ. ಮುಗಿಸಿದ್ದ ನಾನು ಉಪದೇಶವನ್ನೂ ಜೊತೆಗೆ ತಂದೆ. ಹೊರದೇಶದವರಿಗೆ ಒತ್ತಾಯ ಮಾಡಬಾರದು, ಬೇಡ ಎಂದರೆ ಬೇಡ, ಅದೇ ಗೌರವ ಎಂದೆ. ಅತ್ತೆಗೆ ಇದು ಅರಗಲಿಲ್ಲ. ನಮ್ಮ ಕಡೆ ಬೇಡ ಎಂದವರ ತಟ್ಟೆಗೇ ಮೊದಲು ದೋಸೆ ಬೀಳುವುದು.

ಕಾರು ಸಾಸ್ತಾನದ ಟೋಲ್ ದಾಟಿತೆಂದು ಫೋನ್ ಬಂದ ಕೂಡಲೇ ಅತ್ತೆ ದೋಸೆಯ ಕಾವಲಿಯನ್ನು ಒಲೆಗಿಟ್ಟರು. ಬಂದವರು ಐವತ್ತು ದಾಟಿದ, ಮೆಲುಮಾತಿನ ಮನುಷ್ಯ. ದೋಸೆ, ಮೀನಿನ ಗಸಿ ಮುಂದಿಟ್ಟಾಗ ಎದೆಯ ಮೇಲೆ ಕೈಯಿಟ್ಟು ಬೇಡ ಎಂದರು. ತಟ್ಟೆ ಒಳಗೆ ಹೋಯಿತು. ಆಮೇಲೆ ಅವರ ಮಾತು ಕಡಿಮೆಯಾಯಿತು. ಬೀಜ ನೋಡಿದರು, ಫೋನ್ ಮಾಡುತ್ತೇನೆಂದು ಎದ್ದರು. ಮಾವನ ಮುಖ ಬಾಡಿತು.

ಅತ್ತೆ ಸೌಟು ಹಿಡಿದೇ ಜಗಲಿಗೆ ಬಂದರು. ನಾನು ತಡೆಯಲು ಹೋದೆ.

“ಅವ್ರ್ ಕಣ್ಣ್ ದೋಸಿ ಹಿಂದೇ ಹೋಯ್ತ್, ನೀ ಕಂಡಿದ್ದಿಲ್ಯಾ? ಯೂನಿವರ್ಸಿಟಿಯಗೆ ಹೊಟ್ಟಿ ಹಶು ಅಂದ್ರೆ ಎಂತ ಅಂದೇಳಿ ಕಲ್ಸುದಿಲ್ಯಾ ಮಗಾ?” ಎಂದು ನನ್ನನ್ನು ಬದಿಗೆ ಸರಿಸಿ, ಅವರತ್ತ ತಿರುಗಿದರು. “ಹ್ವಾಯ್, ಹಾಂಗೆಲ್ಲ ಹೋಪುಕಾಗ. ಎರಡ್ ದೋಸಿ ತಿಂದ್ಕಂಡೇ ಹೋಯ್ನಿ.”

ಅವರಿಗೆ ಒಂದಕ್ಷರವೂ ತಿಳಿದಿರಲಾರದು. ಮತ್ತೆ ಎದೆಗೆ ಕೈ, ಮತ್ತೆ ಬೇಡ. ಅತ್ತೆ ಮತ್ತೆ ಕರೆದರು. ಮೂರನೆಯ ಸಲಕ್ಕೆ (ಮೂರು ಎಂಬುದು ನಾನು ಹೊಂದಿಸಿಕೊಂಡದ್ದೂ ಇರಬಹುದು) ಅವರು ಜೋರಾಗಿ ನಕ್ಕು ಕುಳಿತುಬಿಟ್ಟರು. ಆರು ದೋಸೆ ಹೋಯಿತು. ತಮ್ಮಲ್ಲೂ ಮೊದಲ ಬೇಡ ಬರೀ ಮರ್ಯಾದೆಯದು, ಅದನ್ನು ನಂಬಿ ತಟ್ಟೆ ತೆಗೆಯುವ ಮನೆಯನ್ನು ಇಂದೇ ಕಂಡದ್ದು ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಆ ವಾಕ್ಯ ಹೇಳುವುದು ಸುಲಭವಿರಲಿಲ್ಲ.

ಮಾವ ನಕ್ಕರು. “ಇವ್ರ್ ಇರಾನಿನವ್ರಲ್ಲ ಮಾರಾಯ, ನಮ್ ಬಾರ್ಕೂರ್ ಬದಿಯವ್ರೇ ಸೈ.”

ಗಸಿಯ ಕೈ ತೊಳೆದು ಬಂದವರು ಬೀಜವನ್ನು ಇನ್ನೊಮ್ಮೆ ತರಿಸಿ, ಮುರಿದು, ಅಗಿದು, ಒಪ್ಪಿದರು. ಕಾರಿನಿಂದ ಪಿಸ್ತಾದ ಡಬ್ಬಿಯೊಂದನ್ನು ತೆಗೆದು ಮಾವನಿಗೆ ಕೊಡಲು ಬಂದರು. ಮಾವ ಬೇಡವೇ ಬೇಡ ಎಂದರು. ಅವರು ಬಿಡಲಿಲ್ಲ.

ಕಾರ್ಖಾನೆ ಈಗ ವರ್ಷವಿಡೀ ನಡೆಯುತ್ತಿದೆ. ಮೊನ್ನೆ ಮಾವನ ಮಗಳ ಹಳೆಯ ಮೊಬೈಲಿನಲ್ಲಿ ಆ ದಿನದ ಫೋಟೋಗಳನ್ನು ಹುಡುಕಿಸಿ ನೋಡಿದೆ. ತಟ್ಟೆ ಹಿಡಿದು ಅಡುಗೆಮನೆಯತ್ತ ಹೊರಟವನ ಬೆನ್ನು ಮಾತ್ರ ಕಾಣುತ್ತದೆ. ಹಸಿರು ಗೆರೆಯ ಆ ಅಂಗಿ ನನ್ನದು.